ಪಫ್ ಹಾಳೆಯಲ್ಲಿ ಹಸಿ ತತ್ತಿ ಒಡೆದು ಬೇಯಿಸುವುದು ಹೇಗೆ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ)
ನಮ್ಮ ಬೇಕರಿಗಳ ಎಗ್ ಪಫ್ ಎಂದರೆ ಉಳ್ಳಾಗಡ್ಡಿ ಮಸಾಲೆಯ ಮೇಲೆ ಕುದಿಸಿದ ಅರ್ಧ ತತ್ತಿಯನ್ನಿಟ್ಟು ಮಡಚಿದ, ಸಂಜೆಯ ಚಹಾದ ಜೊತೆಗಿನ ತಿನಿಸು. ಅದನ್ನು ಮಾಡುವ ಪದರು ಪದರಾದ ಹಿಟ್ಟಿನ ಹಾಳೆಯನ್ನೇ ಚೌಕಾಕಾರವಾಗಿ ಕತ್ತರಿಸಿ, ನಡುವೆ ಹಸಿ ತತ್ತಿ ಒಡೆದು ಹಾಕಿ, ಬೆಳಗಿನ ನಾಷ್ಟಾಕ್ಕೆ ಬೇಯಿಸಬೇಕೆಂದಿದ್ದೇನೆ. ಆದರೆ ಅಂಚು ಕೆಂಪಗಾಗುವ ಹೊತ್ತಿಗೆ ಹಳದಿ ಗಟ್ಟಿಯಾಗಿ ಪುಡಿಪುಡಿಯಾಗುತ್ತದೆ, ತಳ ಮಾತ್ರ ಹಸಿಯಾಗಿಯೇ ಇರುತ್ತದೆ. ಮನೆಯಲ್ಲಿರುವುದು ಚಿಕ್ಕ ಓಟಿಜಿ, ಅಂದರೆ ಮೇಜಿನ ಮೇಲಿಡುವ ಕರೆಂಟಿನ ಓವನ್. ಉಪಾಯವಿದ್ದರೆ ತಿಳಿಸಿರಿ.

ಉತ್ತರ (ಸಾಧನಕೇರಿ, ಧಾರವಾಡ)
ಎರಡಕ್ಕೂ ಬೇಕಾದ ಕಾವು ಬೇರೆಯಾಗಿರುವುದೇ ತೊಂದರೆ. ಪಫ್ ಹಾಳೆ ಯೀಸ್ಟಿನಿಂದ ಉಬ್ಬುವುದಿಲ್ಲ. ಹಿಟ್ಟಿನೊಳಗಿನ ನೀರು ಆವಿಯಾಗಿ, ಜಿಡ್ಡಿನಿಂದ ಬೇರ್ಪಟ್ಟ ಪದರುಗಳನ್ನು ಮೇಲಕ್ಕೆತ್ತುತ್ತದೆ, ಅದಕ್ಕೆ 200 ಡಿಗ್ರಿ ಸೆಲ್ಸಿಯಸ್‌ನಷ್ಟು ಜೋರು ಕಾವು ಬೇಕು. ತತ್ತಿಯ ಬಿಳಿಭಾಗವಾದರೋ 62 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟತೊಡಗುತ್ತದೆ, ಹಳದಿ 70 ಮುಟ್ಟುವಷ್ಟರಲ್ಲಿ ಗಟ್ಟಿಯಾಗುತ್ತದೆ. ಮೇಲಾಗಿ ತತ್ತಿಯ ಭಾರ ಮತ್ತು ತೇವ ಬಿದ್ದ ಜಾಗದಲ್ಲಿ ಪದರು ಏಳುವುದೇ ಇಲ್ಲ.

ಆದ್ದರಿಂದ ಮೊದಲು ಹಾಳೆಯನ್ನಷ್ಟೇ ಬೇಯಿಸಿರಿ. ಅಂಚಿನಿಂದ ಒಂದು ಬೆರಳು ಒಳಗೆ ಚಾಕುವಿನಿಂದ ಅರ್ಧ ಆಳಕ್ಕೆ ಗೀರಿ, ಒಳಚೌಕವನ್ನು ಫೋರ್ಕಿನಿಂದ ಚುಚ್ಚಿ, ಮೊದಲೇ ಕಾಯಿಸಿಟ್ಟ ತಟ್ಟೆಯ ಮೇಲೆ 12ರಿಂದ 15 ನಿಮಿಷ ಇಡಿರಿ. ತಟ್ಟೆ ಬಿಸಿಯಿದ್ದರೆ ತಳ ಹಸಿಯಾಗಿ ಉಳಿಯುವುದಿಲ್ಲ. ನಂತರ ಉಬ್ಬಿದ ನಡುಭಾಗವನ್ನು ಚಮಚದ ಬೆನ್ನಿನಿಂದ ಒತ್ತಿ ತಗ್ಗು ಮಾಡಿ, ವಾಟಗದಲ್ಲಿ ಒಡೆದುಕೊಂಡ ತತ್ತಿಯನ್ನು ಅದರೊಳಗೆ ಜಾರಿಸಿ, ಕಾವನ್ನು 180ಕ್ಕೆ ಇಳಿಸಿ ಏಳೆಂಟು ನಿಮಿಷ ಬಿಡಿರಿ. ಬಿಳಿಭಾಗ ತುಳುಕುವುದು ನಿಂತೊಡನೆ ಹೊರತೆಗೆಯಬೇಕು, ಏಕೆಂದರೆ ತಟ್ಟೆಯ ಕಾವಿಗೇ ಅದು ಇನ್ನಷ್ಟು ಬೇಯುತ್ತದೆ. ಹೊಳಪಿಗಾಗಿ ಕಲಕಿದ ತತ್ತಿ ಸವರುವುದಿದ್ದರೆ ಕತ್ತರಿಸಿದ ಬದಿಗೆ ಇಳಿಯಗೊಡಬೇಡಿ. ಪದರುಗಳು ಅಂಟಿಕೊಂಡು ಬಿಡುತ್ತವೆ.

ಉತ್ತರ (ಬೆಟಗೇರಿ, ಗದಗ)
ಸರ್, ಮೇಲಿನ ಕ್ರಮ ಸರಿಯಾಗಿಯೇ ಇದೆ, ಆದರೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಬೆಳಿಗ್ಗೆ ಅಷ್ಟು ಹೊತ್ತು ಓವನ್ ಕಾಯುತ್ತ ನಿಲ್ಲುವವರು ಯಾರು? ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು ಅರೆಬೆಂದ ಹಳದಿ ತಿನ್ನದಿರುವುದೇ ಲೇಸು. ನಾನಾದರೆ ಟೊಮೆಟೊ ಹಾಕದೆ, ನೀರೆಲ್ಲ ಹಿಂಗುವಂತೆ ಭುರ್ಜಿ ಹುರಿದು, ಪೂರ್ತಿ ಆರಿದ ಮೇಲೆ ಹಾಳೆಯಲ್ಲಿ ಮಡಚುತ್ತೇನೆ. ಬಿಸಿ ಭುರ್ಜಿ ಇಟ್ಟರೆ ಒಳಗಿನ ಜಿಡ್ಡು ಕರಗಿ ಹಾಳೆ ಜೋತುಬೀಳುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಪುಡಿ ಧಾರಾಳವಾಗಿ ಹಾಕಬಹುದು. ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಭಾನುವಾರ ಹಸಿ ತತ್ತಿಯದು, ಉಳಿದ ದಿನ ಭುರ್ಜಿಯದು ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಬೇಸಿಗೆಯಲ್ಲಿ ಬೆಣ್ಣೆಯ ಹಾಳೆ ಕತ್ತರಿಸುವಾಗಲೇ ಕೈಗೆ ಅಂಟುತ್ತದೆಯಲ್ಲ, ಅದಕ್ಕೇನು?

ಉತ್ತರ (ಸಾಧನಕೇರಿ, ಧಾರವಾಡ)
ಬೆಣ್ಣೆ 32ರಿಂದ 35 ಡಿಗ್ರಿಗೆ ಕರಗುತ್ತದೆ, ನಿಮ್ಮ ಹುಬ್ಬಳ್ಳಿಯ ಏಪ್ರಿಲ್ ಬಿಸಿಲು ಅದನ್ನು ಸುಲಭವಾಗಿ ಮೀರುತ್ತದೆ. ಹಿಂದಿನ ರಾತ್ರಿಯೇ ಕತ್ತರಿಸಿ, ಗೀರಿ, ಬಟರ್ ಪೇಪರಿನ ನಡುವೆ ಫ್ರಿಜ್‌ನಲ್ಲಿಡಿರಿ. ಬೆಳಿಗ್ಗೆ ಓವನ್ ಪೂರ್ತಿ ಕಾದ ಮೇಲೆಯೇ ತೆಗೆದು ನೇರವಾಗಿ ಒಳಗಿಡಿರಿ.