ಒಂದೇ ಡಬ್ಬಿಯಾಗ ರೇಡಿಯೋದಿಂದ ಗಾಮಾ ತನಕ: ಯಾವ ಸೆನ್ಸರ್ ಹಾಕ್ಲಿ?

ಬಿಸಿಲೂರ ಮಾಸ್ತರ (ಕಲಬುರಗಿ)

ಚಿತ್ತಾಪುರ ಕಡಿ ಸಾಲಿಯಾಗ ವಿಜ್ಞಾನ ಹೇಳ್ತೀನ್ರಿ. ಹುಡುಗರ ವಸ್ತುಪ್ರದರ್ಶನಕ್ಕ ಒಂದು ಡಬ್ಬಿ ಮಾಡ್ಲತ್ತೀನಿ. ಕಣ್ಣಿಗಿ ಕಾಣೋದು, ಕಾಣಲಾರದ್ದು ಎಲ್ಲಾ ವಿಕಿರಣ ಅದರಾಗೇ ಅಳೀಬೇಕು ಅಂತ ಆಸೆ. ಕೈಯಾಗ ಇರೋದು ಮೂರು ಸಾವಿರ ರೂಪಾಯಿ. ಇಲ್ಲಿತನಕ ತಂದಿದ್ದು ಬಿಪಿಡಬ್ಲ್ಯು 34 ಫೋಟೋಡಯೋಡ್ (ಬೆಳಕು ಬಿದ್ರ ಕರೆಂಟ್ ಕೊಡೋದು), ಎಂಎಲ್‌ಎಕ್ಸ್ 90614 ತಾಪ ಸೆನ್ಸರ್ (ಮುಟ್ಟದೇ ದೂರದಿಂದ ಬಿಸಿ ಅಳಿಯೋದು).

ಧೂಳ ಬೀಳಬಾರದಂತ ತಾಪ ಸೆನ್ಸರಿನ ಮುಂದ ಫೋಟೋ ಫ್ರೇಮಿನ ಗಾಜು ಕೂಡಿಸಿದೆ. ಮಧ್ಯಾಹ್ನ ಮಾಳಿಗಿ ಮ್ಯಾಲ ಹಾಸಿದ ಶಹಾಬಾದ ಕಲ್ಲಿಗಿ ಹಿಡಿದ್ರ 43 ಡಿಗ್ರಿ, ನೀರಿನ ಗಡಿಗಿಗಿ ಹಿಡಿದ್ರೂ 43. ನನ್ನ ಅಂಗೈನೂ 43! ಇನ್ನ ಆ ಡಯೋಡ್ "ಎಲ್ಲಾ ಬೆಳಕು ಹಿಡಿತದ, ಯುವಿಗೂ (ನೇರಳಾತೀತಕ್ಕೂ) ನಡೀತದ" ಅಂತ ಅಂಗಡಿಯವ ಕಟ್ಟಿಬಿಟ್ಟ. ಅದರ ಮುಂದ ಸನ್‌ಸ್ಕ್ರೀನ್ ಸವರಿದ ಗಾಜು ಅಡ್ಡ ಹಿಡಿದ್ರೂ ರೀಡಿಂಗ್ ಇಳೀವಲ್ದು. ಎಲ್ಲಾ ಹಿಡಿಯೋ ಒಂದೇ ಸೆನ್ಸರ್ ಸಿಗತದೇನ್ರಿ?

ರಿಪೇರಿ ಕಾಕಾ (ಬೀದರ)

ಮಾಸ್ತರ್ರೇ, ನೀವು ಕಲ್ಲೂ ಅಳೀಲಿಲ್ಲ, ಗಡಿಗೀನೂ ಅಳೀಲಿಲ್ಲ. ಗಾಜು ಎಷ್ಟು ಕಾದದ ಅಂತ ಅಳದೀರಿ. ಆ ಸೆನ್ಸರ್ ನೋಡೋದು 5.5ರಿಂದ 14 ಮೈಕ್ರೋಮೀಟರ್ ಅಲೆ. ಅದಕ್ಕ ಗಾಜು ಅಂದ್ರ ಗ್ವಾಡಿ. ತೆಗದು ತೆಳ್ಳನ ಪಾಲಿಥೀನ್ ಹಾಳಿ ಬಿಗೀರಿ. ಮನಿಷಾ ಬಂದ್ರ ತಾನೇ ಹತ್ತೋ ದೀಪ ಅದಾವಲ್ಲ, ಅವುಕ್ಕ ಮುಂದಿರೋ ಹಾಲುಬಿಳಿ ಗುಬಟಿನೂ ಪಾಲಿಥೀನೇ. ಹಂಗೇ ಹೊಳಿಯೋ ಸ್ಟೀಲ್ ತಂಬಗಿಗಿ ನೇರ ಹಿಡೀಬ್ಯಾಡ್ರಿ, ಅದು ಸುತ್ತಲಿನ ಬಿಸಿನೇ ಕನ್ನಡಿ ಹಂಗ ತೋರಸ್ತದ. ಕರಿ ಟೇಪ್ ಅಂಟಿಸಿ ಅದರ ಮ್ಯಾಲ ಅಳೀರಿ.

ಒಂದೇ ಸೆನ್ಸರ್ ಆಸೆ ಬಿಡ್ರಿ. 1240ನ್ನ ಅಲೆಯುದ್ದದಿಂದ (ನ್ಯಾನೋಮೀಟರಿನಾಗ) ಭಾಗಿಸಿ ನೋಡ್ರಿ, ಒಂದು ಫೋಟಾನಿನ (ಬೆಳಕಿನ ಕಣದ) ಶಕ್ತಿ ಎಲೆಕ್ಟ್ರಾನ್ ವೋಲ್ಟಿನಾಗ ಸಿಗತದ. ಸಿಲಿಕಾನಿನಾಗ ಎಲೆಕ್ಟ್ರಾನ್ ಎಬ್ಬಸ್ಲಿಕ್ಕ 1.1 ಬೇಕು. ಟಿವಿ ರಿಮೋಟಿನ 940 ನ್ಯಾನೋಮೀಟರ್ ಅಂದ್ರ 1.3, ಎಬ್ಬಸ್ತದ. ನಿಮ್ಮ ಕಲ್ಲಿನ 10 ಮೈಕ್ರೋಮೀಟರ್ ಅಂದ್ರ ಬರೇ 0.12, ಕೊಡಗಟ್ಟಲೆ ಸುರಿದ್ರೂ ಏಳಂಗಿಲ್ಲ. ಅಲ್ಲಿ ಬಿಸಿಯಾಗೋದನ್ನೇ ಅಳೀಬೇಕು, ನಿಮ್ಮ ಸೆನ್ಸರಿನಾಗ ಇರೋ ಥರ್ಮೋಪೈಲ್ ಅದನ್ನೇ ಮಾಡ್ತದ. ಒಂದೊಂದು ಅಲೆಗಿ ಒಂದೊಂದು ಸಾಧನ ಅನ್ನೋದು ಹಳೇ ಮಾತು: 1800ರಾಗ ಹರ್ಷೆಲ್ ಅನ್ನೋ ವಿಜ್ಞಾನಿ ಬಿಸಿಲನ್ನ ಪಟ್ಟಕದಿಂದ ಬಣ್ಣ ಬಣ್ಣ ಒಡದು, ಕೆಂಪಿನ ಆಚಿ ಥರ್ಮಾಮೀಟರ್ ಇಟ್ಟ, ಅದು ಏರ್ತು. ಮರುವರ್ಷ ರಿಟ್ಟರ್ ನೇರಳೆ ಆಚಿ ಇಟ್ಟಿದ್ದು ಥರ್ಮಾಮೀಟರ್ ಅಲ್ಲ, ಬೆಳ್ಳಿ ಕ್ಲೋರೈಡ್, ಅದು ಕಪ್ಪಾತು.

ಯುವಿಗಿ ಬಿಪಿಡಬ್ಲ್ಯು 34 ಬ್ಯಾಡ, ಅದರ ಕಣ್ಣು 430ರಿಂದ 1100 ನ್ಯಾನೋಮೀಟರ್ ತನಕ. ಜಿಯುವಿಎ-ಎಸ್12ಎಸ್‌ಡಿ ತರಸ್ರಿ. ಗ್ಯಾಲಿಯಂ ನೈಟ್ರೈಡಿನ ಸೆನ್ಸರ್ ಅದು, 240ರಿಂದ 370 ಅಷ್ಟೇ ನೋಡ್ತದ. ಕಾಣೋ ಬೆಳಕಿಗಿ ಕುರುಡು ಇರೋದೇ ಅದರ ಗುಣ.

ರೇಡಿಯೋ ಕಡಿಗಿ ರೊಕ್ಕ ಹಾಕಬ್ಯಾಡ್ರಿ. ಹಳೆ ಡಿಟಿಎಚ್ ಡಿಶ್, ಅದರ ಎಲ್‌ಎನ್‌ಬಿ (ಡಿಶ್ ಮುಂದ ಇರೋ ಸಿಗ್ನಲ್ ಹಿಡಿಯೋ ಡಬ್ಬಿ), ಒಂದು ಮುಳ್ಳಿನ ಸ್ಯಾಟ್‌ಫೈಂಡರ್ (ಸಿಗ್ನಲ್ ಎಷ್ಟು ಜೋರ ಅಂತ ತೋರಸೋ ಮೀಟರ್) ಸಾಕು. ಅದು 11-12 ಗಿಗಾಹರ್ಟ್ಸ್, ಅಲೆ ಎರಡೂವರೆ ಸೆಂಟಿಮೀಟರ್. ಸೂರ್ಯನ ಕಡಿ ತಿರುಗಿಸಿದ್ರ ಮುಳ್ಳ ಏಳತದ, ಹುಡುಗರು ಹೌಹಾರ್ತಾರ.

ಸುರಪುರದಾಕಿ (ಯಾದಗಿರಿ)

ಕಾಕಾ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. 2015ರಲ್ಲಿ ಹಾರಿದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನಲ್ಲೂ ಇಸ್ರೋದವರು ಹೀಗೇ ಮಾಡಿದ್ದು: ನೇರಳಾತೀತಕ್ಕೆ ದೂರದರ್ಶಕ, ಮೃದು (ಕಡಿಮೆ ಶಕ್ತಿಯ) ಎಕ್ಸ್‌ರೇಗೆ ತಂಪು ಮಾಡಿದ ಸಿಸಿಡಿ (ಕ್ಯಾಮೆರಾ ಚಿಪ್), ಅದಕ್ಕಿಂತ ಗಟ್ಟಿ ಎಕ್ಸ್‌ರೇಗೆ ಝೆನಾನ್ ಅನಿಲ ತುಂಬಿದ ಪೆಟ್ಟಿಗೆ, ಇನ್ನೂ ಮೇಲಕ್ಕೆ ಕ್ಯಾಡ್ಮಿಯಂ ಝಿಂಕ್ ಟೆಲ್ಯುರೈಡ್ ಹರಳು. ಅಷ್ಟು ದುಡ್ಡಿದ್ದವರಿಗೇ ಒಂದು ಕಣ್ಣು ಸಾಲಲಿಲ್ಲ.

ಗಾಮಾಗೆ ನಾನು ಎಸ್‌ಬಿಎಂ-20 ಗೈಗರ್ ಟ್ಯೂಬ್ (ವಿಕಿರಣ ಬಂದಾಗಲೆಲ್ಲ ಒಂದೊಂದು ಎಣಿಸೋ ಕೊಳವೆ) ಕಟ್ಟಿದೀನಿ. 400 ವೋಲ್ಟ್ ಕೇಳತ್ತೆ, ಹುಡುಗರ ಬೆರಳು ತಾಗದ ಹಾಗೆ ಮುಚ್ಚಿ. ಅದು ಎಣಿಸತ್ತೆ ಅಷ್ಟೇ, ಬಂದದ್ದರ ಶಕ್ತಿ ಎಷ್ಟು ಅಂತ ಹೇಳಲ್ಲ. ಟ್ಯೂಬ್ ಕಂಡವರೆಲ್ಲ "ಗೋಗಿಯಲ್ಲಿ ಯುರೇನಿಯಂ ಅದ ಅಂತಾರಲ್ಲ, ಅಲ್ಲಿಗೆ ಒಯ್ದು ನೋಡು" ಅಂತಾರೆ. ಒಂದು ನಿಮಿಷ ಎಣಿಸಿ ಯಾವ ಊರಿನ ಬಗ್ಗೆಯೂ ಏನೂ ಹೇಳಬೇಡಿ. 25 ಎಣಿಕೆ ಬಂದರೆ 5 ಆಚೀಚೆ ಆಗೋದು ಸಹಜ. 400 ಬರೋ ತನಕ ಕಾದರೆ ಆಚೀಚೆ 20, ಅಂದರೆ ಶೇಕಡ 5ಕ್ಕೆ ಇಳಿಯತ್ತೆ. ಇದನ್ನೇ ಹುಡುಗರಿಂದ ಮಾಡಿಸಿ, ಸಂಖ್ಯಾಶಾಸ್ತ್ರದ ಪಾಠ ಪುಕ್ಕಟೆ.

ಬಿಸಿಲೂರ ಮಾಸ್ತರ (ಕಲಬುರಗಿ)

ಗಾಜು ಕಿತ್ತೆ, ಹಾಳಿ ಬಿಗಿದೆ. ಕಲ್ಲು 56, ಗಡಿಗಿ 27. ಕರಿ ಟೇಪ್ ಇಲ್ಲದ ತಂಬಗಿ ನೋಡ್ರಿ, ಒಳಗ ಕುದಿಯೋ ಚಹಾ ಇದ್ರೂ 41 ಅಂತದ, ಖರೇನ ನಗು ಬಂತು. ಯುವಿದು ಆರ್ಡರ್ ಹಾಕೀನಿ. ಗೈಗರ್ ಟ್ಯೂಬ್ ಈ ವರ್ಷ ಆಗಂಗಿಲ್ಲ ತಂಗಿ, ರೊಕ್ಕ ಮುಗೀತು.

ಡಿಶ್ ನಮ್ಮ ಮಾಳಿಗಿ ಮ್ಯಾಲೇ ಒಂದು ಬಿದ್ದದ. ಪಾರಿವಾಳ ಗೂಡು ಕಟ್ಟ್ಯಾವ, ಎರಡು ಮರಿ ಅವ. ಅವು ಹಾರಿದ ಮ್ಯಾಲ ಇಳಸ್ತೀನಿ ಕಾಕಾ.