ಅಣ್ಣ ಕೊಟ್ಟ ಬಿ450 ಬೋರ್ಡ್ ಉಳಿಸಿಕೊಳ್ಳಲೇ, ಎಲ್ಲವನ್ನೂ ಹೊಸದಾಗಿ ಕೊಳ್ಳಲೇ?

ಶಾಲ್ಮಲಾ ದಂಡೆ

ನಮ್ಮ ಮನೆ ಶಿರಸಿಯ ಹತ್ತಿರದ ಹಳ್ಳಿಯಲ್ಲಿದೆ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಅಡಿಕೆ ಮಾರಿದ ಹಣದಲ್ಲಿ ಕಂಪ್ಯೂಟರಿಗೆಂದು 80,000 ರೂಪಾಯಿ ಕೊಡಲು ಅಪ್ಪ ಒಪ್ಪಿದ್ದಾರೆ. ಓದಿಗೆ ಬೇಕು ಎಂದು ಕೇಳಿದ್ದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಗೆಳತಿಯರೆಲ್ಲ ವ್ಯಾಲೊರಂಟ್ ಆಡುತ್ತಾರೆ, ನನ್ನ ಲ್ಯಾಪ್‌ಟಾಪ್ ಅದನ್ನು ತೆರೆಯುವಷ್ಟರಲ್ಲಿ ಅವರ ಒಂದು ಸುತ್ತು ಮುಗಿದಿರುತ್ತದೆ. ದೊಡ್ಡ ಆಟಗಳನ್ನೂ 1080ಪಿ ಪರದೆಯಲ್ಲಿ ಆಡುವ ಆಸೆಯಿದೆ. ಬಿಡಿಭಾಗಗಳನ್ನು ತಂದು ನಾನೇ ಜೋಡಿಸಬೇಕೆಂದಿದ್ದೇನೆ. ಇದೇ ಮೊದಲು.

ಬೆಂಗಳೂರಿನಲ್ಲಿರುವ ದೊಡ್ಡಪ್ಪನ ಮಗ ತನ್ನ ಹಳೆಯ ಯಂತ್ರವನ್ನು ಕೊಟ್ಟಿದ್ದಾನೆ. ಗ್ರಾಫಿಕ್ಸ್ ಕಾರ್ಡನ್ನೂ ಡಿಸ್ಕನ್ನೂ ತೆಗೆದುಕೊಂಡು, ಉಳಿದದ್ದು ನಿನಗೆ ಎಂದ. ಅದರಲ್ಲಿ ಒಂದು ಬಿ450 ಮೈಕ್ರೋ ಎಟಿಎಕ್ಸ್ ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಹಲಗೆ), ರೈಜನ್ 5 2600 ಪ್ರೊಸೆಸರ್, ಎಂಟೆಂಟು ಜಿಬಿಯ ಎರಡು ಡಿಡಿಆರ್4 3200 ಮೆಮೊರಿ, ಕ್ಯಾಬಿನೆಟ್ ಮತ್ತು ಅದರೊಂದಿಗೇ ಬಂದಿದ್ದ 450 ವ್ಯಾಟ್ ಪವರ್ ಸಪ್ಲೈ ಇವೆ.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕೇಳಿದರೆ, ಬಿ450 ಬೋರ್ಡಿಗೆ ರೈಜನ್ 5000 ಸರಣಿ ಹಿಡಿಯುವುದಿಲ್ಲ, ಹೊಸದೇ ತೆಗೆದುಕೊಳ್ಳಿ ಎಂದು ಪಟ್ಟಿ ಬರೆದುಕೊಟ್ಟರು: ರೈಜನ್ 5 7600, ಬಿ650 ಬೋರ್ಡ್, 16 ಜಿಬಿಯ ಒಂದೇ ಡಿಡಿಆರ್5 ಮೆಮೊರಿ, ಆರ್‌ಟಿಎಕ್ಸ್ 5060 ಗ್ರಾಫಿಕ್ಸ್ ಕಾರ್ಡ್, 500 ಜಿಬಿ ಎಸ್‌ಎಸ್‌ಡಿ. ಕ್ಯಾಬಿನೆಟ್, ಪವರ್ ಸಪ್ಲೈ ಹಳೆಯವೇ ಸಾಕಂತೆ. ಇಷ್ಟಕ್ಕೇ ಹಣ ಮುಗಿಯುತ್ತದೆ, ಮಾನಿಟರ್‌ಗೆ ಏನೂ ಉಳಿಯುವುದಿಲ್ಲ. ಮೆಮೊರಿಯನ್ನಾದರೂ ಉಳಿಸೋಣವೆಂದರೆ, ಅಣ್ಣನ ಡಿಡಿಆರ್4 ಅನ್ನು ಹೊಸ ಬೋರ್ಡಿಗೆ ಹಾಕಬಹುದೇ? 450 ವ್ಯಾಟ್ ನಿಜವಾಗಿಯೂ ಸಾಕೇ?

ಬಯಲುಸೀಮೆ ಆಟಗಾರ

ಡಿಡಿಆರ್4 ಅನ್ನು ಡಿಡಿಆರ್5 ಬೋರ್ಡಿಗೆ ಹಾಕಲು ಬರುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಒತ್ತಿ ಕೂರಿಸಲು ಹೋಗಬೇಡಿ, ಸ್ಲಾಟ್ ಒಡೆಯುತ್ತದೆ. ಆದರೂ ನನ್ನ ಮತ ಅಂಗಡಿಯವರ ಪಟ್ಟಿಗೇ. ನಿಮ್ಮ ಬೋರ್ಡಿನ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) 2016ರದು, ಅದಕ್ಕೆ ಮುಂದೆ ದಾರಿಯಿಲ್ಲ. ಪಟ್ಟಿಯ ಬಿ650 ಬೋರ್ಡಿನ ಎಎಂ5ಗೆ ಇನ್ನೂ ಹೊಸ ಪ್ರೊಸೆಸರ್‌ಗಳು ಬರುತ್ತವೆ. ಮಾನಿಟರನ್ನು ಮುಂದಿನ ವರ್ಷ ನೋಡಿಕೊಳ್ಳಬಹುದು.

ಹಳೆಯ ಸೋಲ್ಡರ್, ಶಿವಮೊಗ್ಗ

ಮಾನಿಟರ್ ಇಲ್ಲದೆ ಮುಂದಿನ ವರ್ಷದವರೆಗೆ ಈ ತಂಗಿ ಕ್ಯಾಬಿನೆಟ್ಟಿನ ದೀಪ ನೋಡುತ್ತ ಕೂರಬೇಕೇ?

ತಂಗಿ, ಅಂಗಡಿಯವರ ಪಟ್ಟಿಯನ್ನು ಮಡಚಿ ಇಡಿ. ಅದರಲ್ಲಿ ಒಂದಕ್ಕೊಂದು ಕೂರದ ಭಾಗ ಯಾವುದೂ ಇಲ್ಲ, ಅದು ನಿಜ. ಆದರೆ ಹಣವೆಲ್ಲ ಬೋರ್ಡಿಗೂ ಮೆಮೊರಿಗೂ ಸುರಿದು, ಆಟ ಓಡಿಸುವ ಕಾರ್ಡಿಗೆ ಮಿಕ್ಕಿದ್ದನ್ನು ಕೊಟ್ಟು, ಆ ಕಾರ್ಡಿಗೆ ವಿದ್ಯುತ್ ಉಣಿಸುವ ಪೆಟ್ಟಿಗೆಗೆ ಬಿಡಿಗಾಸೂ ಇಡದೆ ಬರೆದ ಪಟ್ಟಿ ಅದು. 2025ರ ಕೊನೆಯಿಂದ ಡಿಡಿಆರ್5 ಬೆಲೆ ಎಲ್ಲಿಗೆ ಹೋಗಿದೆ ಎಂದು ಕೇಳಿನೋಡಿದ್ದೀರಾ? ಕೈಯಲ್ಲಿ ಎರಡು ಒಳ್ಳೆಯ ಡಿಡಿಆರ್4 ಇರುವವರು ಈ ಹೊತ್ತಿನಲ್ಲಿ ಸಾಕೆಟ್ ಬದಲಿಸುವುದು ದುಂದು.

ಬಿ450ಗೆ 5000 ಸರಣಿ ಹಿಡಿಯುವುದಿಲ್ಲ ಎಂಬುದು 2020ರ ಮೇ ತಿಂಗಳ ಸುದ್ದಿ. ರೈಜನ್ ತಯಾರಿಸುವ ಎಎಂಡಿ ಮೊದಲು ಹಾಗೆಂದೇ ಹೇಳಿತ್ತು. ಗ್ರಾಹಕರು ಗಲಾಟೆ ಮಾಡಿದ ಮೇಲೆ ಅದೇ ತಿಂಗಳು ಮಾತು ಬದಲಿಸಿ ಬೆಂಬಲ ಕೊಡುವುದಾಗಿ ಒಪ್ಪಿಕೊಂಡಿತು. ಅಂಗಡಿಯವರು ಮೊದಲ ಅರ್ಧವನ್ನಷ್ಟೇ ಓದಿದ್ದಾರೆ. ರೈಜನ್ 5 5600 ನಿಮ್ಮ ಬೋರ್ಡಿನಲ್ಲಿ ಓಡುತ್ತದೆ, ಬಯಾಸ್ (ಬೋರ್ಡನ್ನು ಎಬ್ಬಿಸುವ, ಅದರೊಳಗೇ ಇರುವ ತಂತ್ರಾಂಶ) ಮಾತ್ರ ಹೊಸದಾಗಿರಬೇಕು. ಬೋರ್ಡಿನ ಮೇಲೆ ಅಚ್ಚಾಗಿರುವ ಪೂರ್ತಿ ಹೆಸರನ್ನೂ ಅಂಚಿನಲ್ಲಿರುವ ರಿವಿಷನ್ ಸಂಖ್ಯೆಯನ್ನೂ ಬರೆದುಕೊಳ್ಳಿ. ತಯಾರಕರ ಪುಟದಲ್ಲಿ ಪ್ರೊಸೆಸರ್ ಬೆಂಬಲದ ಪಟ್ಟಿ ಇರುತ್ತದೆ, 5600ರ ಎದುರು ಯಾವ ಬಯಾಸ್ ಆವೃತ್ತಿಯಿಂದ ಎಂದು ಬರೆದಿರುತ್ತಾರೆ. ಒಂದೇ ಹೆಸರಿನ ಬೋರ್ಡು ಎರಡು ರಿವಿಷನ್‌ಗಳಲ್ಲಿದ್ದರೆ ಫೈಲ್‌ಗಳೂ ಬೇರೆ ಬೇರೆ ಇರಬಹುದು. ಕೆಲವು ಕಂಪನಿಗಳು ಕೊನೆಯ ಆವೃತ್ತಿಗೆ ನೇರವಾಗಿ ಹಾರಬೇಡಿ, ನಡುವಿನ ಒಂದನ್ನು ಮೊದಲು ಹಾಕಿ ಎನ್ನುತ್ತವೆ. ಆ ಸಣ್ಣ ಅಕ್ಷರಗಳನ್ನು ಓದಿ.

ಈಗ ಕ್ರಮ ಮುಖ್ಯ. 2600 ಆಗಲಿ, 5600 ಆಗಲಿ, ಎರಡರಲ್ಲೂ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಇಲ್ಲದೆ ಪರದೆಯಲ್ಲಿ ಏನೂ ಮೂಡುವುದಿಲ್ಲ. ಹಾಗಾಗಿ ಹೊಸ ಕಾರ್ಡನ್ನು ಹಳೆಯ 2600ರ ಜೊತೆಗೇ ಹಾಕಿ, ಚಿತ್ರ ಬಂದ ಮೇಲೆ ಬಯಾಸ್ ನವೀಕರಿಸಿ, ಆಮೇಲೆ ಪ್ರೊಸೆಸರ್ ಬದಲಿಸಿ. ಮೊದಲೇ 5600 ಕೂರಿಸಿಬಿಟ್ಟರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಹಾಗೆ ಹೆದರಿ ಬೋರ್ಡು ಸತ್ತಿದೆ ಎಂದು ಹೊತ್ತು ತಂದವರನ್ನು ನನ್ನ ಮೇಜಿನ ಮುಂದೆ ಸಾಕಷ್ಟು ಕಂಡಿದ್ದೇನೆ. ನವೀಕರಣದ ನಡುವೆ ಕರೆಂಟ್ ಹೋದರೆ ಬೋರ್ಡು ನಿಜವಾಗಿಯೂ ಸಾಯಬಹುದು. ನಿಮ್ಮೂರಿನ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈಹಾಕಬೇಡಿ.

ಹಳೆಯ ಪ್ರೊಸೆಸರ್ ತೆಗೆಯುವಾಗ ಎಚ್ಚರ. ಎಎಂ4ನಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಹೊಟ್ಟೆಯಲ್ಲಿ. ಥರ್ಮಲ್ ಪೇಸ್ಟ್ ವರ್ಷಗಳಿಂದ ಒಣಗಿ ಕೂಲರಿಗೆ ಅಂಟಿಕೊಂಡಿರುತ್ತದೆ. ನೇರವಾಗಿ ಮೇಲಕ್ಕೆ ಎಳೆದರೆ, ಕೊಕ್ಕೆ ಹಾಕಿದ್ದರೂ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಕೂಲರಿನ ಜೊತೆಗೇ ಬರುತ್ತದೆ, ಪಿನ್ನು ಬಾಗುತ್ತದೆ. ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆರಿಸಿ, ತಂತಿ ಕಳಚಿ, ಸ್ಕ್ರೂ ಬಿಚ್ಚಿದ ಮೇಲೆ ಕೂಲರನ್ನು ಆಚೀಚೆ ಮೆಲ್ಲಗೆ ತಿರುಗಿಸುತ್ತ ಬಿಡಿಸಿ. ಸ್ಕ್ರೂಗಳೆಲ್ಲ ಬಿಚ್ಚಿದಾಗ ಹಿಂಬದಿಯ ಲೋಹದ ಪಟ್ಟಿ ಕೆಳಗೆ ಬೀಳುತ್ತದೆ, ಅದನ್ನು ಒಂದು ಕೈಯಲ್ಲಿ ಹಿಡಿದಿರಿ. 5600ರ ಡಬ್ಬಿಯಲ್ಲೇ ಕೂಲರ್ ಬರುತ್ತದೆ, ಪೇಸ್ಟ್ ಬಳಿದೇ ಇರುತ್ತದೆ, ಬೇರೆ ಕೊಳ್ಳಬೇಡಿ.

ಕಾರ್ಡಿನ ವಿಷಯಕ್ಕೆ ಬರೋಣ. ಇಲ್ಲಿ ಪಟ್ಟಿ ಬರೆಯುವವರು ಗಮನಿಸದ ಒಂದು ಸಂಗತಿ ಇದೆ. ನಿಮ್ಮ ಬೋರ್ಡಿನಲ್ಲಿ ಕಾರ್ಡು ಕೂರುವ ಸ್ಲಾಟ್ ಹಳೆಯ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್ 3.0. ಆರ್‌ಟಿಎಕ್ಸ್ 5060 ಉದ್ದನೆಯ ಸ್ಲಾಟಿನಲ್ಲಿ ಕೂತರೂ ಎಂಟು ಲೇನ್‌ಗಳನ್ನಷ್ಟೇ (ಮಾಹಿತಿ ಓಡುವ ಸಾಲುಗಳು) ಬಳಸುತ್ತದೆ. ಹೊಸ ಬೋರ್ಡಿನಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ, 3.0 ಸ್ಲಾಟಿನಲ್ಲಿ ದಾರಿ ಕಿರಿದಾಗುತ್ತದೆ. ಆ ಕಾರ್ಡಿನ 8 ಜಿಬಿ ಮೆಮೊರಿ ತುಂಬಿ ಉಕ್ಕಿದಾಗ ಆಟ ತಡವರಿಸುತ್ತದೆ. ಆರ್‌ಎಕ್ಸ್ 9060 ಎಕ್ಸ್‌ಟಿ ಹದಿನಾರು ಲೇನ್‌ಗಳ ಕಾರ್ಡು, 3.0 ಸ್ಲಾಟಿನಲ್ಲೂ ಅದರ ಉಸಿರು ಕಟ್ಟುವುದಿಲ್ಲ. ಅದರ 16 ಜಿಬಿ ಆವೃತ್ತಿಯನ್ನೇ ತೆಗೆದುಕೊಳ್ಳಿ. ಅದೇ ಹೆಸರಿನಲ್ಲಿ 8 ಜಿಬಿಯದೂ ಇದೆ, ಬಿಲ್ಲಿನಲ್ಲಿ ಯಾವುದು ಬರೆದಿದ್ದಾರೆ ನೋಡಿ.

ಇನ್ನು ಆ 450 ವ್ಯಾಟ್ ಪೆಟ್ಟಿಗೆ. ಕೂಡಿಸಿದರೆ ಸಾಕು ಎನ್ನಿಸುತ್ತದೆ: ಕಾರ್ಡು ಸುಮಾರು 160, ಪ್ರೊಸೆಸರ್ 65, ಉಳಿದದ್ದು ಚಿಲ್ಲರೆ. ಆದರೆ ಮೈಮೇಲಿನ ಚೀಟಿ ಓದಿ. 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಎಂದಿದೆ? 24 ಎಂದಿದ್ದರೆ ನಿಮ್ಮ ಕೆಲಸಕ್ಕೆ ಬರುವುದು 288 ವ್ಯಾಟ್ ಮಾತ್ರ, ಉಳಿದದ್ದು ಬೇಡದ ಸಾಲುಗಳಲ್ಲಿ ಹಂಚಿಹೋಗಿರುತ್ತದೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಪೆಟ್ಟಿಗೆ ಆ 288ನ್ನಾದರೂ ಕೊಡುತ್ತದೆಂದು ನಾನು ನಂಬುವುದಿಲ್ಲ. ಕಾರ್ಡಿಗೆ ಬೇಕಾದ 8 ಪಿನ್ ತಂತಿ ಅದರಲ್ಲಿ ಇಲ್ಲದಿದ್ದರೆ ಅಂಗಡಿಯವರು ಡಿಸ್ಕಿನ ತಂತಿಗಳನ್ನು 8 ಪಿನ್ ಆಗಿ ಬದಲಿಸುವ ಪರಿವರ್ತಕ ತಂತಿಯೊಂದನ್ನು ಕೊಡುತ್ತಾರೆ. ಬೇಡ. 8 ಪಿನ್ ತಂತಿಯಲ್ಲಿ 150 ವ್ಯಾಟ್‌ವರೆಗೆ ಹರಿಯಬಹುದು, ಹಳೆಯ ಡಿಸ್ಕಿನ ತಂತಿಗಳು ಅದಕ್ಕಾಗಿ ಮಾಡಿದವಲ್ಲ. ಒಳ್ಳೆಯ ಕಂಪನಿಯ 550 ವ್ಯಾಟಿನ ಹೊಸದನ್ನು ಕೊಳ್ಳಿ. 80 ಪ್ಲಸ್ ಎಂಬ ಮುದ್ರೆ ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂದಷ್ಟೇ ಹೇಳುತ್ತದೆ, ಎಷ್ಟು ವರ್ಷದ ವಾರಂಟಿ ಎಂಬುದನ್ನೂ ಕೇಳಿ. ಪ್ರೊಸೆಸರಿನ ತಂತಿ 4+4, ಕಾರ್ಡಿನದು 6+2. ನೋಡಲು ಒಂದೇ ತರಹ, ಒಳಗಿನ ಜೋಡಣೆ ಬೇರೆ. ಒತ್ತಾಯ ಮಾಡಬೇಕಾಗಿ ಬಂದರೆ ತಪ್ಪು ತಂತಿ ಹಿಡಿದಿದ್ದೀರಿ ಎಂದೇ ತಿಳಿಯಿರಿ.

ಕ್ಯಾಬಿನೆಟ್ ಉಳಿಸಿಕೊಳ್ಳಬಹುದು. ಹಿಂಬದಿಯ ಸ್ಲಾಟಿನಿಂದ ಮುಂದಿನ ಡಿಸ್ಕ್ ಪಂಜರದವರೆಗೆ ಟೇಪು ಹಿಡಿದು ಅಳೆದು, ಆಮೇಲೆ ಕಾರ್ಡು ಆರಿಸಿ. ಮೂರು ಫ್ಯಾನಿನವು 300 ಮಿಲಿಮೀಟರ್ ದಾಟುವುದುಂಟು. ಎರಡು ಫ್ಯಾನಿನದು ನಿಮಗೆ ಧಾರಾಳ. ಎಸ್‌ಎಸ್‌ಡಿ 1 ಟಿಬಿಯ ಎನ್‌ವಿಎಂಇ (ಬೋರ್ಡಿಗೇ ಚುಚ್ಚುವ ವೇಗದ ಬಗೆ) ಇರಲಿ, ದುಬಾರಿಯದು ಬೇಡ. ಈ ಬೋರ್ಡಿನಲ್ಲಿ ಅದು ಸೆಕೆಂಡಿಗೆ ಸುಮಾರು 3,500 ಎಂಬಿ ದಾಟಲಾರದು. ಉಳಿದ ಹಣಕ್ಕೆ 24 ಇಂಚಿನ, 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಅಥವಾ ಹೆಚ್ಚಿನ ಮಾನಿಟರ್. 80,000ದ ಒಳಗೆ ಎಲ್ಲವೂ ಬರಬೇಕು.

ಬಯಲುಸೀಮೆ ಆಟಗಾರ

ಬೋರ್ಡು ಉಳಿಸುವುದೇ ಆದರೆ ಇಂಟೆಲ್ ಆರ್ಕ್ ಬಿ580 ಯಾಕಾಗಬಾರದು? 12 ಜಿಬಿ ಇದೆ, ಬೆಲೆಯೂ ಕಡಿಮೆ.

ಹಳೆಯ ಸೋಲ್ಡರ್, ಶಿವಮೊಗ್ಗ

ಹೊಸ ಪ್ರೊಸೆಸರ್ ಇದ್ದವರಿಗೆ ಒಳ್ಳೆಯ ಕಾರ್ಡು. ಅದೂ ಎಂಟು ಲೇನಿನದೇ. ಮೇಲಾಗಿ ಅದರ ಡ್ರೈವರ್ ಪ್ರೊಸೆಸರಿನಿಂದ ಹೆಚ್ಚು ದುಡಿಮೆ ಬೇಡುತ್ತದೆ, 5600ರಂಥವುಗಳ ಜೊತೆ ಕೆಲವು ಆಟಗಳಲ್ಲಿ ಹಿಂದೆ ಬೀಳುತ್ತದೆ. ಈ ಯಂತ್ರಕ್ಕೆ ನಾನು ಹೇಳುವುದಿಲ್ಲ.

ಕುಮಟೆಯ ಕಪ್ಪೆ

ಘಟ್ಟದ ಮೇಲಿನವರಿಗೆ ಘಟ್ಟದ ಕೆಳಗಿನವನ ಎರಡು ಮಾತು. 600 ವಿಎ ಯುಪಿಎಸ್ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಆಟ ಉಳಿಸಿ ಯಂತ್ರ ಆರಿಸಲು ಸಾಕು, ಆಡುತ್ತ ಕೂರಲು ಅಲ್ಲ. ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ, ರೂಟರಿನಿಂದ ಬರುವ ಲ್ಯಾನ್ ತಂತಿಯನ್ನೂ ಮರೆಯಬೇಡಿ. ಮನೆಯ ಅರ್ಥಿಂಗನ್ನು ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ. ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ ಅದು ಸರಿಯಿಲ್ಲ. ಹಳೆಯ ಕ್ಯಾಬಿನೆಟ್ಟಿನ ಹಿಂದೆ ಸ್ಲಾಟಿನ ಮುಚ್ಚಳಗಳು ಕಳೆದುಹೋಗಿದ್ದರೆ ಹೊಸವನ್ನು ಹಾಕಿಸಿ. ಬೆಚ್ಚಗಿನ ಜಾಗ ಕಂಡರೆ ಹಲ್ಲಿಯೂ ಇರುವೆಯೂ ಬಾಡಿಗೆ ಕೇಳದೆ ಸಂಸಾರ ಹೂಡುತ್ತವೆ.

ಶಾಲ್ಮಲಾ ದಂಡೆ

ಸೋಲ್ಡರ್ ಅಣ್ಣ ಹೇಳಿದ ಹಾಗೆಯೇ ಕೊಂಡೆ. ಕ್ಯಾಬಿನೆಟ್ ಒಳಗೆ 275 ಮಿಲಿಮೀಟರ್ ಜಾಗವಿತ್ತು, ಎರಡು ಫ್ಯಾನಿನ ಕಾರ್ಡು ಸಲೀಸಾಗಿ ಕೂತಿತು. ಪವರ್ ಸಪ್ಲೈ ಚೀಟಿಯಲ್ಲಿ 12 ವೋಲ್ಟಿಗೆ 22 ಆಂಪಿಯರ್ ಎಂದಿತ್ತು. ಯಂತ್ರ ಕೊಟ್ಟ ಅಣ್ಣನಿಗೆ ಹೇಳಿದರೆ, ಅದರಲ್ಲೇ ಇಷ್ಟು ವರ್ಷ ಆಡಿದ್ದೇನಲ್ಲ ಎಂದು ಮುನಿಸಿಕೊಂಡ. ಬಯಾಸ್ ನವೀಕರಣವನ್ನು ಪಕ್ಕದ ಮನೆಯ ಯುಪಿಎಸ್ ತಂದು ಮುಗಿಸಿದೆ. ಕೂಲರ್ ತಿರುಗಿಸಿ ತೆಗೆಯುವಾಗ ಅಪ್ಪ ಹಿಂಬದಿಯ ಪಟ್ಟಿ ಹಿಡಿದು ನಿಂತಿದ್ದರು, ಓದಿಗೆ ಇಷ್ಟೆಲ್ಲ ಬೇಕೇ ಎಂದು ಕೇಳಿದರು.

ಈಗ 5600 ಹಾಕಿ ಒತ್ತಿದರೆ ಕಪ್ಪು ಪರದೆಯಲ್ಲಿ ಇಂಗ್ಲಿಷಿನಲ್ಲಿ ಎಚ್ಚರಿಕೆ ಬಂದಿದೆ: ಹೊಸ ಪ್ರೊಸೆಸರ್ ಕಂಡಿದೆ, ಎಫ್‌ಟಿಪಿಎಂ ಕೆಟ್ಟಿದೆ ಅಥವಾ ಬದಲಾಗಿದೆ, ಮರುಹೊಂದಿಸಲು ವೈ, ಬೇಡವಾದರೆ ಎನ್. ಯಾವುದನ್ನು ಒತ್ತಲಿ? ಇನ್ನೂ ವಿಂಡೋಸ್ ಹಾಕಿಲ್ಲ.

ಹಳೆಯ ಸೋಲ್ಡರ್, ಶಿವಮೊಗ್ಗ

ವೈ ಒತ್ತಿ. ಏನೂ ಕೆಟ್ಟಿಲ್ಲ. ಎಫ್‌ಟಿಪಿಎಂ ಎಂದರೆ ಪ್ರೊಸೆಸರಿನೊಳಗಿನ ಟಿಪಿಎಂ, ಭದ್ರತಾ ಕೀಲಿಗಳನ್ನು ಕಾಯುವ ಭಾಗ. ಹಳೆಯ ಪ್ರೊಸೆಸರಿನ ಕೀಲಿಗಳು ಹೊಸದಕ್ಕೆ ಹೊಂದುವುದಿಲ್ಲ, ಅಷ್ಟೇ. ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಹಾಕಿದ ಡಿಸ್ಕ್ ಇದ್ದವರು ಮಾತ್ರ ಮೊದಲು ಅದರ ರಿಕವರಿ ಕೀ ಹುಡುಕಿಕೊಳ್ಳಬೇಕು, ನಿಮ್ಮದು ಖಾಲಿ ಡಿಸ್ಕ್.

ವಿಂಡೋಸ್ ಹಾಕುವ ಮೊದಲೇ ಬಯಾಸ್ ಒಳಗೆ ಹೋಗಿ ಸಿಎಸ್‌ಎಂ (ಹಳೆಯ ರೀತಿಯಲ್ಲಿ ಯಂತ್ರ ಶುರುಮಾಡುವ ವ್ಯವಸ್ಥೆ) ಆಫ್ ಮಾಡಿ. ಆಗಷ್ಟೇ ಸೆಕ್ಯೂರ್ ಬೂಟ್ (ನಂಬಿಕೆಯಿಲ್ಲದ ತಂತ್ರಾಂಶವನ್ನು ಶುರುವಿನಲ್ಲೇ ತಡೆಯುವುದು) ಮತ್ತು ರೀಸೈಸಬಲ್ ಬಾರ್ (ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರಿಗೆ ಒಟ್ಟಿಗೆ ತೆರೆದಿಡುವುದು) ಎರಡನ್ನೂ ಚಾಲೂ ಮಾಡಬಹುದು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಸೆಕ್ಯೂರ್ ಬೂಟನ್ನೂ ಟಿಪಿಎಂ 2.0 ಅನ್ನೂ ಕೇಳುತ್ತದೆ. ನವೀಕರಣದಿಂದ ಹಳೆಯ ಹೊಂದಿಕೆಗಳೆಲ್ಲ ಅಳಿಸಿಹೋಗಿರುತ್ತವೆ, ಎಕ್ಸ್‌ಎಂಪಿ (ಮೆಮೊರಿಯ ಪೂರ್ಣ ವೇಗದ ಹೊಂದಿಕೆ) ಚಾಲೂ ಮಾಡದಿದ್ದರೆ ನಿಮ್ಮ 3200ರ ಮೆಮೊರಿ ಕಡಿಮೆ ವೇಗದಲ್ಲೇ ತೆವಳುತ್ತದೆ. ಎರಡು ಮೆಮೊರಿಗಳು ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿರಲಿ. ಬೋರ್ಡಿಗೆ ಎರಡೇ ಸ್ಲಾಟ್ ಇದ್ದರೆ ಆ ಚಿಂತೆಯಿಲ್ಲ.

ಶಾಲ್ಮಲಾ ದಂಡೆ

ಎಲ್ಲ ಆಯಿತು, ಆಟವೂ ಓಡುತ್ತಿದೆ. ಆದರೆ 144 ಹರ್ಟ್ಸ್ ಮಾನಿಟರ್ ತಂದರೂ ಪರದೆ 60ನ್ನೇ ತೋರಿಸುತ್ತಿದೆ.

ಕುಮಟೆಯ ಕಪ್ಪೆ

ತಂತಿಯನ್ನು ಬೋರ್ಡಿನ ಹಿಂದೆ ಚುಚ್ಚಿಲ್ಲವಷ್ಟೇ? ಚಿತ್ರ ಬಂದಿದೆ ಎಂದರೆ ಕಾರ್ಡಿಗೇ ಚುಚ್ಚಿದ್ದೀರಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ಅದರೊಳಗೆ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆಯಿರಿ. ಅಲ್ಲಿ 144 ಎಂದು ನೀವೇ ಆರಿಸಬೇಕು. ಪಟ್ಟಿಯಲ್ಲಿ ಅದು ಕಾಣದಿದ್ದರೆ ಎಚ್‌ಡಿಎಂಐ ಬಿಟ್ಟು ಡಿಸ್‌ಪ್ಲೇಪೋರ್ಟ್ ತಂತಿ ಹಾಕಿ ನೋಡಿ.