ಸಣ್ಣ ಅಕ್ವೇರಿಯಂನಲ್ಲಿ ಸಾಧು ಮೀನುಗಳೇ ಕಚ್ಚಾಡುತ್ತಿವೆ: ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ತರಬೇಕು?

ಪ್ರಶ್ನೆ

ನಮಸ್ಕಾರ. ಮಕ್ಕಳ ಒತ್ತಾಯಕ್ಕೆ ಮಣಿದು ಮೂರು ವಾರಗಳ ಹಿಂದೆ ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಅಕ್ವೇರಿಯಂ ಇಟ್ಟಿದ್ದೇವೆ. ತೊಟ್ಟಿಯ ಉದ್ದ 60 ಸೆಂ.ಮೀ., ಅಗಲ ಮತ್ತು ಎತ್ತರ ತಲಾ 30 ಸೆಂ.ಮೀ. ಸ್ಪಂಜ್ ಫಿಲ್ಟರ್ ಹಗಲಿರುಳು ಓಡುತ್ತಿದೆ, ಹೀಟರ್ ಅನ್ನು 25 ಡಿಗ್ರಿಗೆ ಇಟ್ಟಿದ್ದೇವೆ. ನೀರು ತುಂಬಿಸಿದ ಮರುದಿನವೇ ಮೂರು ಟೈಗರ್ ಬಾರ್ಬ್, ನಾಲ್ಕು ನಿಯಾನ್ ಟೆಟ್ರಾ, ಮೂರು ಗಂಡು ಗಪ್ಪಿ, ಒಂದು ಗಂಡು ಫೈಟರ್ ಹಾಗೂ ಪಾಚಿ ತಿನ್ನಲೆಂದು ಒಂದು ಪುಟ್ಟ ಪ್ಲೆಕೋ ತಂದು ಬಿಟ್ಟೆವು. ಎಲ್ಲವೂ ಸಾಧು ಮೀನುಗಳು, ಜೊತೆಯಾಗಿ ಇರುತ್ತವೆ ಎಂದು ಹೇಳಿಯೇ ಕೊಟ್ಟಿದ್ದರು.

ಈಗ ಗಪ್ಪಿಗಳ ಬಾಲ ಹರಿದು ಚಿಂದಿಯಾಗಿದೆ. ಫೈಟರ್ ಹೀಟರಿನ ಹಿಂದೆ ಅಡಗಿಕೊಂಡು ಊಟಕ್ಕೂ ಹೊರಗೆ ಬರುವುದಿಲ್ಲ. ನಿಯಾನ್‌ಗಳಲ್ಲಿ ಎರಡು ಸತ್ತಿವೆ, ಉಳಿದ ಮೀನುಗಳು ಬೆಳಗಿನ ಹೊತ್ತು ಮೇಲ್ಮೈಗೆ ಬಂದು ಬಾಯಿ ಬಿಡುತ್ತವೆ. ಪರೀಕ್ಷಾ ಕಿಟ್‌ನಲ್ಲಿ ಲೀಟರಿಗೆ ಅಮೋನಿಯಾ 0.5, ನೈಟ್ರೈಟ್ 2, ನೈಟ್ರೇಟ್ 5 ಮಿ.ಗ್ರಾಂ., ಪಿಎಚ್ 7.6 ಬಂದಿದೆ. ನಿಜವಾಗಿಯೂ ಜಗಳವಾಡದ, ಸುಲಭವಾಗಿ ಸಾಕಬಹುದಾದ ಮೀನು ಯಾವುದೆಂದು ದಯವಿಟ್ಟು ತಿಳಿಸಿ.

ಉತ್ತರ

ನಿಮ್ಮ ತೊಟ್ಟಿಯಲ್ಲಿ ಎರಡು ತೊಂದರೆಗಳು ಒಂದರೊಳಗೊಂದು ಸೇರಿಕೊಂಡಿವೆ. ಮೀನುಗಳು ಬಾಯಿ ಬಿಡುತ್ತಿರುವುದು ಜಗಳದಿಂದಲ್ಲ, ನೈಟ್ರೈಟಿನಿಂದ. ಆದ್ದರಿಂದ ಮೊದಲು ನೀರಿನ ವಿಷಯ.

ಮೀನಿನ ತ್ಯಾಜ್ಯದಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಸುತ್ತದೆ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತದೆ. ಇವು ಫಿಲ್ಟರಿನ ಸ್ಪಂಜಿನಲ್ಲಿ ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನೀವು ಮರುದಿನವೇ ಹನ್ನೆರಡು ಮೀನು ಬಿಟ್ಟಿದ್ದರಿಂದ ಈ ಕಾಯುವ ಅವಧಿಯನ್ನು ಮೀನುಗಳೇ ಮೈಮೇಲೆ ಅನುಭವಿಸುತ್ತಿವೆ. ನೈಟ್ರೈಟ್ ರಕ್ತಕ್ಕೆ ಸೇರಿದರೆ ಹೀಮೋಗ್ಲೋಬಿನ್ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹೀಗಾಗಿ ನೀರಿನಲ್ಲಿ ಗಾಳಿ ಬೇಕಾದಷ್ಟಿದ್ದರೂ ಮೀನು ಉಸಿರುಗಟ್ಟಿದಂತೆ ವರ್ತಿಸುತ್ತದೆ.

ಇಂದೇ ಅರ್ಧದಷ್ಟು ನೀರನ್ನು ಬದಲಿಸಿ, ಹೊಸ ನೀರಿನ ಉಷ್ಣತೆ ಹಳೆಯದಕ್ಕೆ ಸಮನಾಗಿರಲಿ. ನಲ್ಲಿ ನೀರಿನಲ್ಲಿರುವ ಕ್ಲೋರಿನ್ ಒಂದು ದಿನ ತೆರೆದಿಟ್ಟರೆ ಹಾರಿಹೋಗುತ್ತದೆ, ಆದರೆ ಕೆಲವೆಡೆ ಅದರ ಬದಲು ನೀರಿಗೆ ಬೆರೆಸುವ ಕ್ಲೋರಮೈನ್ ಹಾಗೆ ಹೋಗುವುದಿಲ್ಲ. ಆದಕಾರಣ ಇವೆರಡರ ವಿಷವನ್ನೂ ಕಳೆಯುವ ವಾಟರ್ ಕಂಡೀಷನರ್ ದ್ರಾವಣ ಹಾಕುವುದೇ ಕ್ಷೇಮ. ಪ್ರತಿದಿನ ಪರೀಕ್ಷಿಸಿ, ಅಮೋನಿಯಾ ಅಥವಾ ನೈಟ್ರೈಟ್ ಕಂಡಾಗಲೆಲ್ಲ ನೀರು ಬದಲಿಸುತ್ತಿರಿ. ಆಹಾರವನ್ನು ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ ಕೊಡಿ. ಸ್ಪಂಜು ಕೊಳೆಯಾಗಿ ಕಂಡರೂ ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆಯಬೇಡಿ. ಹೊರತೆಗೆದ ತೊಟ್ಟಿಯ ನೀರಿನಲ್ಲೇ ಒಮ್ಮೆ ಹಿಂಡಿದರೆ ಸಾಕು.

ಇನ್ನು ಜಗಳ. ಸಾಧುತನವೆಂಬುದು ಮೀನಿನ ಜಾತಿಗೆ ಅಂಟಿದ ಗುಣವೆಂದು ಭಾವಿಸುವುದರಿಂದಲೇ ಹೊಸಬರು ಎಡವುತ್ತಾರೆ. ಎಷ್ಟು ಮೀನು, ಎಷ್ಟು ಜಾಗ, ಪಕ್ಕದಲ್ಲಿ ಯಾರು ಎಂಬುದರ ಮೇಲೆ ಅದೇ ಮೀನು ಸಾಧುವೂ ಆಗುತ್ತದೆ, ಪುಂಡನೂ ಆಗುತ್ತದೆ. ಟೈಗರ್ ಬಾರ್ಬ್ ಎಂಟು ಹತ್ತರ ಹಿಂಡಿನಲ್ಲಿದ್ದರೆ ಮೇಲು ಕೀಳಿನ ಕಿತ್ತಾಟವನ್ನು ಬಹುಮಟ್ಟಿಗೆ ತಮ್ಮತಮ್ಮಲ್ಲೇ ಮುಗಿಸಿಕೊಳ್ಳುತ್ತದೆ. ಮೂರೇ ಇದ್ದಾಗ ಆ ಹುರುಪೆಲ್ಲ ಉದ್ದ ಬಾಲದವರ ಮೇಲೆ ಹೊರಳುತ್ತದೆ. ಗಂಡು ಫೈಟರ್ ಬಣ್ಣದ ಬಾಲ ಬೀಸುವ ಗಪ್ಪಿಯನ್ನು ಎದುರಾಳಿ ಗಂಡೆಂದು ತಿಳಿಯಬಹುದು, ಇತ್ತ ಅದರ ಸ್ವಂತ ರೆಕ್ಕೆಗಳನ್ನು ಬಾರ್ಬ್‌ಗಳು ಕಚ್ಚುತ್ತವೆ. ಪ್ಲೆಕೋ ಈಗ ಪುಟ್ಟದು, ನಿಜ. ಸಾಮಾನ್ಯವಾಗಿ ಮಾರಾಟವಾಗುವ ಜಾತಿ 30 ಸೆಂ.ಮೀ. ದಾಟುತ್ತದೆ, ನಿಮ್ಮ ತೊಟ್ಟಿಯ ಅಗಲವೇ ಅಷ್ಟು. ಲೀಟರಿಗೆ ಒಂದು ಸೆಂ.ಮೀ. ಮೀನು ಎಂಬ ಲೆಕ್ಕವನ್ನು ಯಾರಾದರೂ ಹೇಳಿದರೆ ಈ ಪ್ಲೆಕೋವನ್ನು ನೆನೆಯಿರಿ: ಆ ಲೆಕ್ಕದಂತೆ ಅದು 30 ಲೀಟರಿನಲ್ಲಿ ಹಾಯಾಗಿರಬೇಕು, ವಾಸ್ತವದಲ್ಲಿ ಅಲ್ಲಿ ಮೈ ತಿರುಗಿಸುವುದೂ ಕಷ್ಟ.

ಬಾರ್ಬ್ ಮತ್ತು ಪ್ಲೆಕೋಗಳನ್ನು ಹಿಂತಿರುಗಿಸಿ, ಫೈಟರ್‌ಗೆ ಬೇರೆ ತೊಟ್ಟಿ ಮಾಡಿ. ನೈಟ್ರೈಟ್ ಸೊನ್ನೆಗೆ ಇಳಿಯುವವರೆಗೆ ಹೊಸ ಮೀನು ಬೇಡ. ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಪ್ರಮಾಣ, ಎಷ್ಟೆಂದು ಅಳೆದು ತಿಳಿಸಿ, ಆಯ್ಕೆ ಅದರ ಮೇಲೆ ನಿಂತಿದೆ.

ಪ್ರಶ್ನೆ ಕೇಳಿದವರಿಂದ

ವಿವರವಾದ ಉತ್ತರಕ್ಕೆ ಧನ್ಯವಾದಗಳು. ಬಾರ್ಬ್ ಮತ್ತು ಪ್ಲೆಕೋಗಳನ್ನು ತಂದಲ್ಲಿಗೇ ಕೊಟ್ಟು ಬಂದೆವು. ಫೈಟರ್ ಈಗ ಹೀಟರ್ ಇರುವ 20 ಲೀಟರಿನ ತೊಟ್ಟಿಯಲ್ಲಿ ಒಂಟಿಯಾಗಿದೆ, ಎರಡನೆಯ ದಿನವೇ ಆಹಾರಕ್ಕೆ ಮೇಲೆ ಬಂತು. ದೊಡ್ಡ ತೊಟ್ಟಿಯ ನೈಟ್ರೈಟ್ 0.5ಕ್ಕೆ ಇಳಿದಿದೆ. ಗಡಸುತನ 12 ಡಿಗ್ರಿ. ಮನೆಯಲ್ಲಿ ನಾಲ್ವರಿದ್ದೇವೆ, ಒಬ್ಬೊಬ್ಬರೂ ಒಂದೊಂದು ಬಗೆಯ ಜೋಡಿಯನ್ನು ಆರಿಸಿಕೊಳ್ಳೋಣವೆಂದು ಮಕ್ಕಳು ಆಗಲೇ ಚೀಟಿ ಬರೆದಿಟ್ಟಿದ್ದಾರೆ. ಎರಡು ನಿಯಾನ್, ಎರಡು ಏಂಜೆಲ್, ಎರಡು ಗೋಲ್ಡ್ ಫಿಶ್, ಎರಡು ಜೀಬ್ರಾ. ಇದು ಆದೀತೇ?

ಉತ್ತರ

ಆಗುವುದಿಲ್ಲ. ಗೋಲ್ಡ್ ಫಿಶ್ ತಣ್ಣೀರಿನ ಮೀನು, ಒಂದು ಗೇಣು ಬೆಳೆಯುತ್ತದೆ, ತ್ಯಾಜ್ಯವೂ ಅದಕ್ಕೆ ತಕ್ಕಂತೆ. ಏಂಜೆಲ್‌ಗೆ ರೆಕ್ಕೆ ಬಿಡಿಸಿ ನಿಲ್ಲಲು ನಿಮ್ಮ 30 ಸೆಂ.ಮೀ. ಎತ್ತರ ಸಾಲದು, ಬೆಳೆದ ಮೇಲೆ ಅದು ನಿಯಾನ್‌ಗಳನ್ನು ನುಂಗಲೂಬಹುದು. ಆದರೆ ಚೀಟಿಗಳ ಮುಖ್ಯ ದೋಷ ಮೀನುಗಳ ಹೆಸರಿನಲ್ಲಿಲ್ಲ, ಎರಡು ಎಂಬ ಅಂಕಿಯಲ್ಲಿದೆ. ಹಿಂಡಿನಲ್ಲಿ ಬದುಕುವ ಮೀನಿಗೆ ಜೋಡಿ ಎಂದರೆ ಒಂಟಿತನವೇ. ಎರಡೇ ಇದ್ದಾಗ ಬಲವಾದದ್ದು ಇನ್ನೊಂದನ್ನು ದಿನವಿಡೀ ಅಟ್ಟುತ್ತದೆ, ಇಲ್ಲವೇ ಎರಡೂ ಮೂಲೆ ಸೇರಿ ಬಣ್ಣಗೆಡುತ್ತವೆ. ಆರಕ್ಕಿಂತ ಕಡಿಮೆ ಇಡಬೇಡಿ, ಎಂಟಾದರೆ ಇನ್ನೂ ಒಳ್ಳೆಯದು. ಹಾಗಾಗಿ ನಾಲ್ಕು ಬಗೆಯ ಆಸೆಯನ್ನು ಬಿಟ್ಟು ಎರಡು ಬಗೆಗೆ ಇಳಿಯಿರಿ: ನಡುನೀರಿನಲ್ಲಿ ಒಂದು ಹಿಂಡು, ತಳದಲ್ಲಿ ಒಂದು ಹಿಂಡು. ನಿಮ್ಮ ತೊಟ್ಟಿಯ ಲೆಕ್ಕ 54 ಲೀಟರ್ ಆದರೂ ಮರಳು, ಕಲ್ಲು, ಮೇಲೆ ಬಿಟ್ಟ ಜಾಗವನ್ನು ಕಳೆದರೆ ನೀರು ಸುಮಾರು 45 ಲೀಟರ್ ಇರಬಹುದು.

ನಡುನೀರಿಗೆ ನನ್ನ ಮೆಚ್ಚುಗೆಯ ಮೀನು ಚೆರ್ರಿ ಬಾರ್ಬ್. ಹೆಸರು ಬಾರ್ಬ್ ಆದರೂ ಟೈಗರ್‌ನ ಪುಂಡಾಟ ಇದಕ್ಕಿಲ್ಲ, 5 ಸೆಂ.ಮೀ. ಮೀರುವುದಿಲ್ಲ, 12 ಡಿಗ್ರಿ ಗಡಸು ನೀರಿಗೂ ಹೊಂದಿಕೊಳ್ಳುತ್ತದೆ, ಗಿಡಗಳಿದ್ದರೆ ಗಂಡು ಮೀನು ಕಡುಗೆಂಪಾಗುತ್ತದೆ. ಗಂಡುಗಳು ಹೆಣ್ಣುಗಳನ್ನು ಬೆನ್ನಟ್ಟುವುದರಿಂದ ಹೆಣ್ಣುಗಳ ಸಂಖ್ಯೆ ಹೆಚ್ಚಿರಲಿ. ಹಾರ್ಲಿಕ್ವಿನ್ ರಾಸ್ಬೋರಾ ಕೂಡ ಇಷ್ಟೇ ಸೌಮ್ಯ, ಆದರೆ ಸ್ವಲ್ಪ ಮೆದು ನೀರನ್ನು ಬಯಸುತ್ತದೆ. ಜೀಬ್ರಾ ಡ್ಯಾನಿಯೋ ಗಟ್ಟಿಮುಟ್ಟಾದ ಮೀನು. ಅದರ ಓಟಕ್ಕೆ 60 ಸೆಂ.ಮೀ. ಉದ್ದ ಕನಿಷ್ಠ, ನಿಧಾನವಾಗಿ ಈಜುವವರ ಪಕ್ಕದಲ್ಲಿ ಅದು ಸದಾ ಗಡಿಬಿಡಿ ಎಬ್ಬಿಸುತ್ತದೆ. ತಳಕ್ಕೆ ಕೋರಿಡೋರಾಸ್ ಎಂಬ ಪುಟ್ಟ ಮೀಸೆಮೀನು. ಅದು ಮೀಸೆಯಿಂದ ತಳವನ್ನು ಕೆದಕಿ ತಿನ್ನುವುದರಿಂದ ಚೂಪಾದ ಕಲ್ಲುಹರಳಿನ ಬದಲು ನುಣುಪಾದ ಮರಳು ಹಾಸಬೇಕು. ಉಳಿದದ್ದನ್ನು ತಿಂದು ಬದುಕುತ್ತದೆ ಎಂಬ ಮಾತನ್ನು ನಂಬಬೇಡಿ, ಅದಕ್ಕೆಂದೇ ಮುಳುಗುವ ಆಹಾರ ಹಾಕಬೇಕು.

ಮತ್ತೊಂದು ಉತ್ತರ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಚೆರ್ರಿ ಬಾರ್ಬ್ ವಿಷಯದಲ್ಲಿ ನನ್ನದು ಭಿನ್ನಾಭಿಪ್ರಾಯ. ಇವರ ಬಳಿ ಬದುಕುಳಿದ ಮೂರು ಗಪ್ಪಿಗಳಿವೆ, ನೀರೂ ಗಪ್ಪಿಗೆ ಹೇಳಿ ಮಾಡಿಸಿದಂತಿದೆ. ಹೊಸ ಜಾತಿಯನ್ನು ತರುವ ಬದಲು ಇನ್ನೂ ಮೂರು ಗಂಡು ಗಪ್ಪಿಗಳನ್ನು ಸೇರಿಸಿದರೆ ನಡುನೀರಿನ ಹಿಂಡು ಅಲ್ಲಿಗೆ ಪೂರ್ಣವಾಯಿತು. ಹೆಣ್ಣನ್ನು ಮಾತ್ರ ತರಬೇಡಿ. ಬಹುತೇಕ ಹೆಣ್ಣುಗಳು ಬರುವಾಗಲೇ ಗರ್ಭ ಧರಿಸಿರುತ್ತವೆ, ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ಒಡಲಲ್ಲಿ ಉಳಿಸಿಕೊಂಡು ಗಂಡಿಲ್ಲದೆಯೂ ತಿಂಗಳುಗಟ್ಟಲೆ ಮರಿ ಹಾಕಬಲ್ಲದು, ಸುಮಾರು ನಾಲ್ಕು ವಾರಕ್ಕೊಂದು ಬಾರಿ. ಮೊದಲ ಬಾರಿ ಮಕ್ಕಳಿಗೆ ಸಂಭ್ರಮ, ಮೂರನೆಯ ಬಾರಿ ಮನೆಯ ಹಿರಿಯರಿಗೆ ಸಂಕಟ.

ಉಳಿದಿರುವ ಎರಡು ನಿಯಾನ್‌ಗಳನ್ನು ಅವುಗಳದೇ ದೊಡ್ಡ ಹಿಂಡಿರುವ ಯಾರಿಗಾದರೂ ಕೊಟ್ಟುಬಿಡಿ. ಅವು ಹಳೆಯ, ನೆಲೆನಿಂತ ನೀರಿನ ಮೀನುಗಳು, ಗಡಸು ನೀರನ್ನೂ ಇಷ್ಟಪಡುವುದಿಲ್ಲ. ಪಾಚಿಗೆ ಪ್ಲೆಕೋ ಬದಲು ಒಂದೆರಡು ನೆರೈಟ್ ಬಸವನಹುಳು ಸಾಕು. ಸಿಹಿನೀರಿನಲ್ಲಿ ಅದರ ಮೊಟ್ಟೆ ಮರಿಯಾಗುವುದಿಲ್ಲವಾದ್ದರಿಂದ ಸಂತಾನದ ಚಿಂತೆಯಿಲ್ಲ, ಕಲ್ಲಿನ ಮೇಲೆ ಬಿಳಿ ಚುಕ್ಕೆಗಳಂತೆ ಮೊಟ್ಟೆ ಅಂಟಿರುವುದನ್ನು ಸಹಿಸಿಕೊಳ್ಳಬೇಕು ಅಷ್ಟೆ.

ಮೊದಲು ಉತ್ತರಿಸಿದವರಿಂದ

ಗಪ್ಪಿಯ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಇರುವ ಮೀನಿಗೆ ಸಂಗಾತಿಗಳನ್ನು ಒದಗಿಸುವುದು ಹೊಸದನ್ನು ಆರಿಸುವುದಕ್ಕಿಂತ ಮೊದಲಿನ ಕೆಲಸ. ಹಾಗಾದರೆ ಕ್ರಮ ಹೀಗಿರಲಿ: ಅಮೋನಿಯಾ, ನೈಟ್ರೈಟ್ ಎರಡೂ ಒಂದು ವಾರ ಸತತವಾಗಿ ಸೊನ್ನೆ ಇದ್ದ ಮೇಲೆ ಮೂರು ಗಪ್ಪಿ, ಎರಡು ವಾರ ಬಿಟ್ಟು ನಾಲ್ಕು ಪಿಗ್ಮಿ ಕೋರಿಡೋರಾಸ್, ಮತ್ತೆರಡು ವಾರದ ಮೇಲೆ ಇನ್ನೂ ನಾಲ್ಕು. ಈ ಕುಳ್ಳ ಜಾತಿ 3 ಸೆಂ.ಮೀ. ಆಸುಪಾಸಿನದಾದ್ದರಿಂದ ಎಂಟಿದ್ದರೂ ತೊಟ್ಟಿ ಕಿಕ್ಕಿರಿಯುವುದಿಲ್ಲ. ಗಿಡಗಳಲ್ಲಿ ಜಾವಾ ಫರ್ನ್ ಮತ್ತು ಅನುಬಿಯಾಸ್ ಕಡಿಮೆ ಬೆಳಕಿಗೂ ಬದುಕುತ್ತವೆ. ಅವುಗಳ ಬೇರುಕಾಂಡವನ್ನು ಮರಳಿನಲ್ಲಿ ಹೂಳದೆ ಕಲ್ಲಿಗೋ ಕಟ್ಟಿಗೆಗೋ ಕಟ್ಟಿ, ಹೂತರೆ ಕೊಳೆಯುತ್ತದೆ.

ಪ್ರಶ್ನೆ ಕೇಳಿದವರಿಂದ

ಎಂಟು ವಾರಗಳ ನಂತರ ಬರೆಯುತ್ತಿದ್ದೇನೆ. ಹೇಳಿದ ಕ್ರಮದಲ್ಲೇ ಮೀನು ತಂದೆವು, ಗಪ್ಪಿಗಳ ಬಾಲ ಬಹುಪಾಲು ಮತ್ತೆ ಬೆಳೆದಿದೆ. ಪ್ರತಿವಾರ ಕಾಲುಭಾಗ ನೀರು ಬದಲಿಸುತ್ತೇವೆ, ನೈಟ್ರೇಟ್ 20 ದಾಟಿಲ್ಲ. ಚೀಟಿ ಸೋತ ಚಿಕ್ಕ ಮಗಳು ಬಸವನಹುಳುವೇ ತನ್ನದೆಂದು ಘೋಷಿಸಿದ್ದಾಳೆ. ಒಂದೇ ಅನುಮಾನ ಉಳಿದಿದೆ: ಕೋರಿಡೋರಾಸ್ ಆಗಾಗ ಸರ್ರನೆ ಮೇಲೆ ಚಿಮ್ಮಿ ಗಾಳಿ ನುಂಗಿ ಇಳಿಯುತ್ತವೆ. ಇದು ಮತ್ತೆ ನೈಟ್ರೈಟಿನ ಲಕ್ಷಣವೇ?

ಉತ್ತರ

ಅಲ್ಲ. ಅವು ನುಂಗಿದ ಗಾಳಿಯಿಂದ ಕರುಳಿನ ಮೂಲಕವೂ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ, ಆಗೊಮ್ಮೆ ಈಗೊಮ್ಮೆ ಹೀಗೆ ಚಿಮ್ಮುವುದು ಅವುಗಳ ಸಹಜ ರೂಢಿ. ಎಲ್ಲವೂ ಪದೇ ಪದೇ ಮೇಲಕ್ಕೆ ಹೋಗತೊಡಗಿದರೆ, ಅಥವಾ ಗಪ್ಪಿಗಳೂ ಮೇಲ್ಮೈಯಲ್ಲೇ ನಿಂತು ಕಿವಿರುಗಳನ್ನು ವೇಗವಾಗಿ ಬಡಿಯುತ್ತಿದ್ದರೆ ಕೂಡಲೇ ನೀರು ಪರೀಕ್ಷಿಸಿ, ಫಿಲ್ಟರಿನ ಗಾಳಿ ಕೊಳವೆ ಮಡಚಿಕೊಂಡಿಲ್ಲವೇ ಎಂದೂ ನೋಡಿ.